ಕುದಿಯುವ ಹಾಲಿಗೆ ಹೆಪ್ಪು ಹಾಕಿದವರು

ಕನ್ನಡದಲ್ಲಿ ಡಾಕ್ಟರೇಟ್ ಪಡೆಯಲು ಏನೇನು ಬೇಕು ಎಂದು ಆಳಂದದ ಸುನಿತಾಳನ್ನು ಕೇಳಿ ನೋಡಿ. "ಒಂದು ಪೆನ್ ಡ್ರೈವ್ ಇದ್ರ ಸಾಕ್ರಿ" ಎನ್ನುತ್ತಾಳೆ. ಆಕೆ ತಮಾಷೆಗೆ ಹೇಳುವ ಮಾತಲ್ಲ ಅದು. ಬಸ್ ನಿಲ್ದಾಣದ ಎದುರು ಬಾಳೆಹಣ್ಣಿನ ಬಂಡಿಗಳ ಹಿಂದೆ ಆಕೆಯ ಡಿ.ಟಿ.ಪಿ. ಅಂಗಡಿಯಿದೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಕೂತು ಮಹಾಪ್ರಬಂಧ ಟೈಪು ಮಾಡಿದವಳು. ಮದುವೆ ಪತ್ರಿಕೆ, ಜಾತ್ಯತೀತ ನಾಯಕರ ಜಾತಿವಾರು ಹುಟ್ಟುಹಬ್ಬದ ಬ್ಯಾನರು, ತಹಶೀಲ್ ಕಚೇರಿಯ ಅರ್ಜಿ ಇವೆಲ್ಲ ಬರುತ್ತವೆ, ಹೋಗುತ್ತವೆ. ಆದರೆ ಆಕೆಯ ಕಂಪ್ಯೂಟರಿನ ಹೊಟ್ಟೆ ತುಂಬಿರುವುದು ಸಂಶೋಧನೆಯಿಂದ.

ಹುಟ್ಟಿದ್ದು ನಿಂಬರ್ಗಾದಲ್ಲಿ. ಪಿ.ಯು.ಸಿ. ಮುಗಿಯುವಷ್ಟರಲ್ಲಿ ಆಳಂದಕ್ಕೆ ಮದುವೆ ಮಾಡಿ ಕೊಟ್ಟರು. ಮುಂದೆ ಓದಬೇಕೆಂಬ ಆಸೆ ಇತ್ತು, ಯಾರೂ ಕೇಳಲಿಲ್ಲ. ಓದಲು ಬಿಡದಿದ್ದರೇನು, ಓದಿದವರೆಲ್ಲ ತನ್ನ ಬಾಗಿಲಿಗೇ ಬಂದು ನಿಲ್ಲುತ್ತಾರೆ ಎಂಬುದು ಆಕೆಗೆ ಆಮೇಲೆ ಗೊತ್ತಾಯಿತು. ಬಂದವರು ಕೈಬರಹದ ಹಾಳೆಗಳನ್ನು ಮುಂದಿಟ್ಟು, ದನಿ ತಗ್ಗಿಸಿ ಕೇಳುವುದು ಒಂದೇ: "ಅಕ್ಕಾರ, ಇಂಥಾದ್ದ ಹಳೇ ಫೈಲ್ ಯಾವುದಾರ ಅದ ಏನ್ರಿ?" ಇರುತ್ತಿತ್ತು. ಆಕೆ ಕೊಡುತ್ತಿದ್ದಳು. ಕೊಡುವಾಗ ಮುಖದಲ್ಲಿ ಒಂದು ನಗು. ಆ ನಗುವಿನ ಅರ್ಥ ಅವರಿಗೆ ತಿಳಿದಿದ್ದರೆ ಅರ್ಧ ಜನ ಬಾಗಿಲಿನಿಂದಲೇ ವಾಪಸು ಹೋಗುತ್ತಿದ್ದರು. ತಿಳಿಯಲಿಲ್ಲ. ತಿಳಿಯುವ ಪೈಕಿಯವರಾಗಿದ್ದರೆ ಹಳೇ ಫೈಲು ಯಾಕೆ ಕೇಳುತ್ತಿದ್ದರು?

ಈ ಪೈಕಿ ಅನೀಲಕುಮಾರ ಎಂಬ ಸಂಶೋಧಕ ಬಂದದ್ದು ಕಳೆದ ವರ್ಷ ಬೇಸಿಗೆಯಲ್ಲಿ. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ದೂರದ ಒಂದು ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿದ್ದ. ವಿಷಯ: 'ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ಹೆಪ್ಪು ಎಂಬ ಪದ: ಅರ್ಥ ಮತ್ತು ಮೂಲ.' ಇನ್ನೂರ ನಲವತ್ತು ಪುಟ. ಹಾಲಿಗೆ ಹಾಕುವ ಒಂದು ಚಮಚ ಹುಳಿಯ ಮೇಲೆ ಇನ್ನೂರ ನಲವತ್ತು ಪುಟ ಬರೆದವನಿಗೆ ಹಾಲು ಪಾಕೀಟಿನಲ್ಲಿ ಹುಟ್ಟುತ್ತದೋ ಎಮ್ಮೆಯಲ್ಲೋ ಎಂಬ ಬಗ್ಗೆ ಅನುಮಾನ ಇದ್ದ ಹಾಗಿತ್ತು.

ಅರ್ಥಗಳನ್ನು ಪಟ್ಟಿ ಮಾಡಿದ್ದ. ಹಾಲನ್ನು ಮೊಸರು ಮಾಡಲು ಹಾಕುವ ಹುಳಿ. ಮೊಸರಾಗಿ ಗಟ್ಟಿ ಕೂತ ಸ್ಥಿತಿ. ಗಾಯದ ಮೇಲೆ ಒಣಗಿ ಗಡ್ಡೆಯಾದ ರಕ್ತ. ಇಲ್ಲಿಯವರೆಗೆ ಸರಿ, ಯಾವ ನಿಘಂಟಿನಲ್ಲೂ ಸಿಗುತ್ತದೆ. ಆಮೇಲೆ ಕ್ಷೇತ್ರಕಾರ್ಯ. ಮೂರು ಕಾಲಮ್ಮಿನ ಕೋಷ್ಟಕ. ಆಳಂದದಲ್ಲಿ ಹೆಪ್ಪ. ಅಫಜಲಪುರದಲ್ಲಿ ಹೆಪ್ಪ. ಜೇವರ್ಗಿಯಲ್ಲಿ ಹೆಪ್ಪ. ಅದಕ್ಕೊಂದು ಬಣ್ಣದ ನಕ್ಷೆ, ಮೂರೂ ಕಂಬ ಒಂದೇ ಎತ್ತರ.

"ಜೇವರ್ಗ್ಯಾಗ ನಮ್ಮ ಗೆಳತಿ ಸಾಯಿರಾ ಇದಾಳ್ರಿ ಸರ್. ಅವರ ಮನ್ಯಾಗ ಹೆಪ್ಪಿಗೆ ಜಾಮನ್ ಅಂತಾರ. ಅದನ್ನ ಹಾಕಿಲ್ಲಲ್ರಿ?" ಎಂದು ಸುನಿತಾ ಕೇಳಿದಳು.

"ಅವರ ಮನಿಗೆ ನಾ ಹೋಗಿಲ್ರಿ ಅಕ್ಕಾರ."

"ಯಾರ ಮನಿಗೆ ಹೋಗೀರಿ?"

ಅನೀಲಕುಮಾರ ಮೊಬೈಲು ನೋಡತೊಡಗಿದ.

ಮೂಲದ ಅಧ್ಯಾಯ ಇನ್ನೂ ಒಂದು ಕೈ ಮೇಲು. ಹೆಚ್ಚು ಉಪ್ಪು ಹಾಕುತ್ತಿದ್ದರಿಂದ 'ಹೆಚ್ಚುಪ್ಪು' ಎಂದಾಗಿ, ಅದೇ ಸವೆದು 'ಹೆಪ್ಪು' ಆಯಿತಂತೆ! ಹಾಲಿಗೆ ಉಪ್ಪು ಬಿದ್ದರೆ ಒಡೆದು ನೀರಾಗುತ್ತದೆಂದು ಮೂರನೇ ಇಯತ್ತೆಯ ಹುಡುಗಿಗೂ ಗೊತ್ತು. ಈ ಮಹಾಶಯ ಅದಕ್ಕೆ ಎಂಟು ಅಡಿಟಿಪ್ಪಣಿ ಕೊಟ್ಟಿದ್ದ. ಸುನಿತಾ ಟೈಪು ಮಾಡಿದಳು. ತಿದ್ದುವುದು ತನ್ನ ಕೆಲಸವಲ್ಲ, ಬಂದದ್ದನ್ನು ಬಂದ ಹಾಗೆ ಒತ್ತುವುದು ತನ್ನ ಕೆಲಸ ಎಂಬುದು ಆಕೆಯ ನೇಮ. ಆ ನೇಮದಿಂದಲೇ ಅಂಗಡಿ ನಡೆದಿತ್ತು. ಟೈಪು ಮಾಡುವವಳು ಪ್ರಬಂಧ ತಿದ್ದುತ್ತಾಳೆಂದು ಸುದ್ದಿಯಾದರೆ ಮರುದಿನದಿಂದ ಒಬ್ಬ ಸಂಶೋಧಕನೂ ಹೊಸ್ತಿಲು ತುಳಿಯುವುದಿಲ್ಲ.

ಎಲ್ಲದಕ್ಕೂ ಸಾಕ್ಷಿಯಾಗಿ ಅಧ್ಯಾಯದ ಕೊನೆಯಲ್ಲಿ ಒಬ್ಬ ಮುದುಕಿಯ ಹೆಸರಿತ್ತು. ಮಾಹಿತಿ ಕೊಟ್ಟವರು: ನೀಲಗಂಗಮ್ಮ, ವಯಸ್ಸು ಎಂಬತ್ತೈದು, ಮಟಕಿ ಗ್ರಾಮ.

ಈ ನೀಲಗಂಗಮ್ಮನ ಕತೆ ಹೇಳಲೇಬೇಕು. ಆಕೆ ಸುನಿತಾಳ ತಾಯಿಯ ತಾಯಿ. ತೀರಿಕೊಂಡದ್ದು ಎರಡು ಸಾವಿರದ ನಾಲ್ಕರಲ್ಲಿ, ತನ್ನ ಎಂಬತ್ತೈದನೆಯ ವಯಸ್ಸಿಗೆ. ಎರಡು ವರ್ಷದ ಮೇಲೆ ಸುನಿತಾ ಅಂಗಡಿ ತೆರೆದಾಗ ಬಂದ ಮೊಟ್ಟಮೊದಲ ಸಂಶೋಧಕ ಚಂದ್ರಾಮ. ಒಕ್ಕಲುತನದ ಪದಗಳ ಮೇಲೆ ಬರೆಯುತ್ತಿದ್ದ, ಒಕ್ಕಲಿಗರ ಓಣಿಗೆ ಹೋಗಲು ಬೇಸರ. ಇಪ್ಪತ್ತೈದರ ಸುನಿತಾಳಿಗೋ ಮಾತಾಡುವ ಹುಮ್ಮಸ್ಸು. ಅಜ್ಜಿಯ ಮಾತುಗಳನ್ನೆಲ್ಲ ಕೂತಲ್ಲೇ ಹೇಳಿದಳು, ಆತ ಬರೆದುಕೊಂಡ. ಹೆಸರು ಕೇಳಿದ, ಹೇಳಿದಳು. ವಯಸ್ಸು ಕೇಳಿದ, ಅದನ್ನೂ ಹೇಳಿದಳು. ಸತ್ತಿದ್ದಾಳೆ ಎಂಬುದನ್ನು ಆತ ಕೇಳಲಿಲ್ಲ, ಈಕೆ ಹೇಳಲಿಲ್ಲ. ಅಚ್ಚಿನಲ್ಲಿ ಅಜ್ಜಿಯ ಹೆಸರು ನೋಡಿ ಎಷ್ಟು ಖುಷಿಯಾಯಿತೆಂದರೆ ಆ ಪುಟದ ಇನ್ನೊಂದು ಪ್ರತಿ ತೆಗೆದು ಪರ್ಸಿನಲ್ಲಿಟ್ಟುಕೊಂಡಿದ್ದಳು.

ಅಲ್ಲಿಂದ ನೀಲಗಂಗಮ್ಮನಿಗೆ ಸಾವಿಲ್ಲ. ಚಂದ್ರಾಮನ ಫೈಲನ್ನು ಇನ್ನೊಬ್ಬ ಒಯ್ದ, ಅವನದನ್ನು ಮತ್ತೊಬ್ಬ. ಜೋಗುಳದ ಪ್ರಬಂಧಕ್ಕೂ ಆಕೆಯೇ ಸಾಕ್ಷಿ, ಬೈಗುಳದ ಪ್ರಬಂಧಕ್ಕೂ ಆಕೆಯೇ. ಹೀಗೆ ಹನ್ನೊಂದು ಜನ ಆಕೆಯನ್ನು 'ಖುದ್ದಾಗಿ ಭೇಟಿಯಾಗಿ ಸಂದರ್ಶಿಸಿ' ಡಾಕ್ಟರರಾದರು. ಹತ್ತೊಂಬತ್ತು ವರ್ಷ ಕಳೆದರೂ ಮುದುಕಿಯ ವಯಸ್ಸು ಎಂಬತ್ತೈದು ದಾಟಲಿಲ್ಲ. ದಾಟಿಸಬೇಕೆಂದರೆ ಒಂದು ಅಂಕಿ ಬದಲಿಸಬೇಕು, ಅಷ್ಟು ಕಷ್ಟ ಯಾರು ಪಡುತ್ತಾರೆ?

ಸುನಿತಾ ಈ ಕತೆಯನ್ನು ಗೆಳತಿಯರಿಗೆ ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಆ ಬೇಸಿಗೆಯವರೆಗೂ ನಕ್ಕಳು.

ಆಗ ತಾಯಿ ಶಿವಕಾಂತಾ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಿಂಬರ್ಗಾದಿಂದ ಬಂದು ಮಗಳ ಮನೆಯಲ್ಲಿದ್ದಳು. ಒಂದು ಕಣ್ಣಿಗೆ ಹಸಿರು ಪಟ್ಟಿ. ಮನೆಯಲ್ಲಿ ಬೇಸರವೆಂದು ಅಂಗಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಓದು ಬರಹ ಇಲ್ಲ. ಮಗಳು ಪ್ರೂಫ್ ನೋಡುವಾಗ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ಇಟ್ಟುಕೊಂಡಿದ್ದರಿಂದ ಮುದುಕಿಗೆ ಕಾಲ ಹೋಗುತ್ತಿತ್ತು. ಅವತ್ತು ಮಧ್ಯಾಹ್ನ ಸುನಿತಾ ಹೆಪ್ಪಿನ ಅಧ್ಯಾಯ ಓದುತ್ತಿದ್ದಳು. "ಕುದಿಯುವ ಹಾಲಿಗೆ ಹೆಪ್ಪು ಹಾಕುವುದು ಈ ಭಾಗದ ವಿಶಿಷ್ಟ ಪದ್ಧತಿಯಾಗಿದ್ದು, ಇಲ್ಲಿನ ಉರಿಬಿಸಿಲಿಗೂ ಜನರ ನಿಷ್ಠುರ ಸ್ವಭಾವಕ್ಕೂ..."

"ಏನಂದಿ?" ಎಂದಳು ಶಿವಕಾಂತಾ.

ಸುನಿತಾ ಮತ್ತೊಮ್ಮೆ ಓದಿದಳು.

"ಕುದಿಯೂ ಹಾಲಿಗಿ ಹೆಪ್ಪ? ಯಾವ ಹುಚ್ಚಿ ಹೇಳ್ಯಾಳ ಬೇ ಅದನ್ನ?" ಮುದುಕಿ ಸ್ಟೂಲು ಅಲುಗಾಡುವಂತೆ ನಕ್ಕಳು. "ಕೈಗೂಸಿಗೆ ಗೊತ್ತಾಗ್ತದ, ಹಾಲ ಒಡೀತದಂತ. ಯಾರಾಕಿ, ಹೆಸರ ಹಾಕ್ಯಾರೇನು?"

ಸುನಿತಾ ಪರದೆಯತ್ತ ತಿರುಗಿದಳು. ಹೆಸರು ಪರದೆಯ ಮೇಲೇ ಇತ್ತು. ಸುಳ್ಳು ಹೇಳಬಹುದಿತ್ತು, ತಾಯಿಗೆ ಓದಲು ಬರುವುದಿಲ್ಲ. ಆದರೆ ತಾಯಿಯ ಮುಂದೆ ಸುಳ್ಳು ಹೇಳುವ ಕಲೆ ಆಕೆಗೆ ಚಿಕ್ಕಂದಿನಿಂದಲೂ ಕೈಗೂಡಿರಲಿಲ್ಲ. "ನೀಲಗಂಗಮ್ಮ, ಮಟಕಿ ಅಂತ ಹಾಕ್ಯಾರ" ಎಂದಳು.

ನಗು ನಿಂತಿತು. "ನಮ್ಮವ್ವ?"

"ಹೂಂ."

"ನಮ್ಮವ್ವ ಹಾಂಗ ಹೇಳಿಲ್ಲ."

"ಗೊತ್ತದ ಯವ್ವಾ."

"ನಮ್ಮವ್ವನ ಕೈಯಾನ ಮಸರ ಕೈಗಿ ತಗೊಂಡ್ರ ಅಲುಗತಿದ್ದಿಲ್ಲ. ಮಟಕ್ಯಾಗ ಯಾರ ಮನ್ಯಾಗ ಬೀಗರು ಬಂದ್ರೂ ಹೆಪ್ಪ ನಮ್ಮ ಮನೀದು. ಆಕೀನ ಹುಚ್ಚಿ ಅಂದೆನಲ್ಲ ನಾನು" ಎಂದು ಶಿವಕಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಾತ್ರಿ ಊಟಕ್ಕೆ ಮೊಸರು ಬಡಿಸಲು ಹೋದರೆ ಬೇಡವೆಂದಳು. ಅದು ಪಾಕೀಟಿನ ಮೊಸರು. ಸುನಿತಾಳ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿ ಹದಿನೈದು ವರ್ಷವಾಗಿತ್ತು, ಸಂಶೋಧಕರನ್ನು ನೋಡಿ ನಗುವಾಗ ಆ ಸಂಗತಿ ಆಕೆಗೆ ನೆನಪಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದವಳೇ ಕಂಪ್ಯೂಟರಿನಲ್ಲಿ ಹನ್ನೊಂದೂ ಫೈಲು ತೆಗೆದು ಸಾಲಾಗಿ ಇಟ್ಟಳು. ಅಜ್ಜಿಯ ಬಾಯಿಗೆ ಈ ಹೊಲಸು ಹಾಕಿದ ಗಂಡಸು ಯಾರೆಂದು ಹಿಡಿದು, ಊರ ತುಂಬ ಹೇಳುವ ಉಮೇದು. ಚಂದ್ರಾಮನ ಪ್ರತಿಯಲ್ಲಿ ಅಜ್ಜಿಯ ಮಾತು ಸರಿಯಾಗೇ ಇತ್ತು: "ಹಾಲ ಕುದಿಸಬೇಕು. ಇಳಿಸಿ ಇಡಬೇಕು. ಕಿರುಬೆರಳ ಅದ್ದಿ ಹತ್ತ ಎಣಿಸೂತನ ತಡಕೊಳ್ಳೂವಷ್ಟ ಬಿಸಿ ಉಳಿದಾಗ ಹೆಪ್ಪ ಹಾಕಬೇಕು." ಅದರ ಕೆಳಗೆ ಮೂಲದ ಮಾತೂ ಇತ್ತು. ತೆಲಂಗಾಣದ ಕಡೆಯ ಎಮ್ಮೆ ವ್ಯಾಪಾರಿಗಳು ಮೊಸರಿಗೆ ಪೆರುಗು ಅನ್ನುವುದನ್ನು ಕೇಳಿ ಅಜ್ಜಿ ಹೇಳಿದ್ದು: "ನಾವು ತುಪ್ಪ ಗಟ್ಟಿ ಆದ್ರ ಹೆರಿತದ ಅಂತೇವಿ, ಹಾಲಿಗಿ ಹೆಪ್ಪ ಅಂತೇವಿ. ಅವರು ಪೆರುಗು ಅಂತಾರ. ಹಿಂದಕ ಹಾಲಿಗೇ ಪಾಲು ಅಂತಿದ್ರಂತ. ಹಂಗಾರ ಇವೆಲ್ಲ ಒಂದ ತಾಯಿ ಮಕ್ಕಳ ಇರಬೇಕು." ಶಾಲೆ ಮೆಟ್ಟಿಲು ಹತ್ತದ ಹೆಂಗಸು ಕೊಟ್ಟಿಗೆಯಲ್ಲಿ ಕೂತು ಕಂಡುಕೊಂಡದ್ದನ್ನು ಆಮೇಲಿನ ಪದವೀಧರರು ಕೂಡಿ ಉಪ್ಪಿಗೆ ತಂದು ನಿಲ್ಲಿಸಿದ್ದರು.

ಎರಡನೆಯ ಫೈಲು ಸರಿ. ಮೂರು, ನಾಲ್ಕು ಸರಿ. ಐದನೆಯದರಲ್ಲಿ ಮಾತು ತುಂಡಾಗಿತ್ತು: "ಹಾಲ ಕುದಿಸಬೇಕು. ಹೆಪ್ಪ ಹಾಕಬೇಕು." ನಡುವಿನ ಸಾಲುಗಳು ಇಲ್ಲ. ಆರನೆಯವನು ಅದನ್ನೇ ಹಿಡಿದು 'ವಿಶಿಷ್ಟ ಪದ್ಧತಿ' ಎಂದಿದ್ದ, ಏಳನೆಯವನು ಉರಿಬಿಸಿಲು ಸೇರಿಸಿದ್ದ, ಎಂಟನೆಯವನು ಜನರ ಸ್ವಭಾವ. ಹಾಗಾದರೆ ಕಳ್ಳ ಐದನೆಯವನು. ಕಪಾಟಿನ ಮೇಲಿನ ಗಂಟು ಇಳಿಸಿ ಅವನ ಕೈಬರಹದ ಹಾಳೆ ಹುಡುಕಿದಳು. ಸಿಕ್ಕಿತು. ಆತ ಎಲ್ಲ ಸಾಲನ್ನೂ ಬರೆದಿದ್ದ, ಗುಂಡಗಿನ ಅಕ್ಷರದಲ್ಲಿ, ಒಂದೂ ಬಿಡದೆ.

ಬಿಟ್ಟವಳು ಸುನಿತಾ.

ಅದು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರವನ್ನು ಯುನಿಕೋಡಿಗೆ ಬದಲಿಸುತ್ತಿದ್ದ ವರ್ಷ. ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ, ಪುಟಗಟ್ಟಲೆ ಮತ್ತೆ ಟೈಪು ಮಾಡಿದ್ದಳು. ಆ ಆತುರದಲ್ಲಿ ಎರಡು ಸಾಲು ಹಾರಿಹೋಗಿತ್ತು. ಆಮೇಲೆ ಆರು ಪ್ರಬಂಧಗಳಲ್ಲಿ ಅದೇ ತಪ್ಪನ್ನು ತನ್ನ ಕೈಯಿಂದಲೇ ಒತ್ತಿದ್ದಳು, ಗಟ್ಟಿಯಾಗಿ ಓದಿ ಪ್ರೂಫ್ ಕೂಡ ನೋಡಿದ್ದಳು. ಕುದಿಯುವ ಹಾಲು ಒಮ್ಮೆಯೂ ಆಕೆಯ ಕೈ ಸುಡಲಿಲ್ಲ. ಅಂಗಡಿಯಲ್ಲಿ ಒಬ್ಬಳೇ ಕೂತಿದ್ದರೂ ಸುನಿತಾಳಿಗೆ ಮುಖ ಎತ್ತಲು ನಾಚಿಕೆಯಾಯಿತು. ಅಂದು ಸಂಜೆ ತಾಯಿಗೆ ಹೇಳಿದಳು. ಶಿವಕಾಂತಾ "ಹೂಂ" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅನೀಲಕುಮಾರ ಬಂದಾಗ ಆಕೆ ವಿಷಯ ತೆಗೆದಳು. "ಸರ್, ಈ ಹೆಪ್ಪಿನ ಮಾತು ತಪ್ಪದ್ರಿ. ತಗೀರಿ ಅದನ್ನ. ಈ ಉಪ್ಪಿನ ಮಾತೂ ತಗೀರಿ."

"ಹೆಂಗ ತಗೀಲಿಕ್ಕೆ ಆಗ್ತದ ಅಕ್ಕಾರ? ಆರು ಪ್ರಬಂಧದಾಗ ಬಂದದ ಅಂದ್ರ ಅದು ಪ್ರಮಾಣ ಆತು."

"ಹಾಲಿಗಿ ಹಾಕಿ ನೋಡ್ರಿ ಹಂಗಾರ ಒಮ್ಮಿ."

"ಹಾಲು ನನ್ನ ವ್ಯಾಪ್ತಿಯೊಳಗ ಬರಲ್ರಿ. ನಂದು ಪದ."

ಇಂಥವನಿಗೆ ಏನು ಹೇಳುವುದು? ಆತ ಹೋದ ಮೇಲೆ ಸುನಿತಾ ಇಷ್ಟು ವರ್ಷದ ನೇಮ ಮುರಿದಳು. ಅಜ್ಜಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಗಿತ್ತೋ ಹಾಗೆ ಹಾಕಿದಳು, ಪೆರುಗು, ತುಪ್ಪ, ಒಂದೇ ತಾಯಿಯ ಮಕ್ಕಳು ಎಲ್ಲ. 'ವಿಶಿಷ್ಟ ಪದ್ಧತಿ'ಯನ್ನೂ ಉಪ್ಪನ್ನೂ ತೆಗೆದಳು. ಕೊನೆಯಲ್ಲಿ ಹೆಸರಿನ ಮುಂದೆ ಬರೆದಳು: ನೀಲಗಂಗಮ್ಮ, ಮಟಕಿ, ತೀರಿಕೊಂಡದ್ದು 2004. ಅದರ ಮೇಲಿನ ಸಾಲಿನಲ್ಲಿ, 'ಸಂದರ್ಶನದ ದಿನಾಂಕ: 12 ಜನವರಿ 2024' ಎಂಬ ಅನೀಲಕುಮಾರನ ಮಾತನ್ನು ಮಾತ್ರ ಮುಟ್ಟಲಿಲ್ಲ.

ಕದ್ದು ಮಾಡಿದ ಕೆಲಸ ಅನ್ನಿಸಬಾರದೆಂದು ಆ ಮೂರು ಪುಟಗಳನ್ನು ಬೇರೆ ಪ್ರಿಂಟು ತೆಗೆದು ಅವನ ಮುಂದೆ ಇಟ್ಟಳು. "ತಿದ್ದೇನ್ರಿ. ಓದ್ರಿ, ಓದಿ ಸಹಿ ಹಾಕ್ರಿ." ಓದಿದನೋ, ಕೂಗಾಡುತ್ತಾನೆ. ಊರೂರಿಗೆ ಹೇಳುತ್ತಾನೆ. ಅಂಗಡಿಗೆ ಕದ ಹಾಕಬೇಕಾಗುತ್ತದೆ.

ಅನೀಲಕುಮಾರ ಮೊಬೈಲಿನಲ್ಲಿ ಮಾತಾಡುತ್ತಲೇ ಮೂರೂ ಪುಟಕ್ಕೆ ಸಹಿ ಹಾಕಿದ.

ಪ್ರಬಂಧ ಹೋಯಿತು. ಮಾರ್ಗದರ್ಶಕರು ಓದಲಿಲ್ಲ. ಪರೀಕ್ಷಕರು ಇಬ್ಬರು, ಇಬ್ಬರೂ ಓದಲಿಲ್ಲ. 'ಆಳವಾದ ಕ್ಷೇತ್ರಕಾರ್ಯ' ಎಂದು ವರದಿ ಬಂತು. ಅನೀಲಕುಮಾರ ಡಾಕ್ಟರನಾದ. ಪೇಢೆ ಹಂಚಿದ. ಅದೇ ಫೈಲು ಪುಸ್ತಕವಾಯಿತು. ಆಳಂದದ ಒಂದು ಸಾಹಿತ್ಯ ಬಳಗದವರು ಬಿಡುಗಡೆ ಸಮಾರಂಭ ಇಟ್ಟುಕೊಂಡರು, ಮುನ್ನುಡಿ ಬರೆದ ಹಿರಿಯರೊಬ್ಬರು ಒಂದು ಸಲಹೆ ಕೊಟ್ಟರು. ಹಳ್ಳಿಯ ಆ ಜ್ಞಾನವೃದ್ಧೆಯನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಬೇಕು!

ಅನೀಲಕುಮಾರ ಓಡುತ್ತ ಬಂದ. ಆ ಹೊತ್ತಿಗೆ ಎರಡನೇ ಕಣ್ಣಿಗಾಗಿ ಮತ್ತೆ ಬಂದಿದ್ದ ಶಿವಕಾಂತಾ ಅದೇ ಸ್ಟೂಲಿನ ಮೇಲಿದ್ದಳು.

"ಅಕ್ಕಾರ, ಆ ನೀಲಗಂಗಮ್ಮ ಯಾರ್ರಿ? ಹಳೇ ಫೈಲಿನ್ಯಾಗಿಂದ ತಗೊಂಡಿದ್ದೆ. ರವಿವಾರ ಬೇಕಾಗ್ಯಾಳ್ರಿ."

ಸುನಿತಾ ಪುಸ್ತಕ ತೆಗೆದು ಮುಖಕ್ಕೆ ಹಿಡಿಯಬೇಕೆಂದು ಎದ್ದಳು. ಅಷ್ಟರಲ್ಲಿ ಅವನ ಕಣ್ಣು ಸ್ಟೂಲಿನ ಕಡೆ ಹೋಯಿತು. "ಈ ಅಮ್ಮಾರು ಬಂದ್ರೂ ನಡೀತದ್ರಿ. ಏನೂ ಮಾತಾಡೂದು ಬ್ಯಾಡ. ಹೆಸರು ಕರದಾಗ ಎದ್ದು ಶಾಲು ಹೊದ್ದುಕೊಂಡ್ರ ಸಾಕು."

ನಾಚಿಕೆಗೇಡಿತನಕ್ಕೂ ಒಂದು ಅಳತೆ ಇರುತ್ತದೆ ಎಂದುಕೊಂಡಿದ್ದಳು ಸುನಿತಾ. ಬಾಯಿ ತೆರೆಯುವುದರೊಳಗೆ ತಾಯಿ ಹೇಳಿದಳು: "ಬರ್ತೇನ್ರಿ."

"ಯವ್ವಾ!"

"ನೀ ಸುಮ್ಮನಿರು. ಎಷ್ಟ ಗಂಟೇಕ್ರಿ?"

ರವಿವಾರ ಸಭಾಭವನ ತುಂಬಿತ್ತು. ಸುನಿತಾ ಮೂರನೆಯ ಸಾಲಿನಲ್ಲಿ ಕೂತಿದ್ದಳು. ತಾಯಿ ಏನು ಮಾಡುತ್ತಾಳೆಂದು ಆಕೆಗೆ ಅಂದಾಜಿತ್ತು, ಅದಕ್ಕೆಂದೇ ಬಂದಿದ್ದಳು. ಇಷ್ಟು ವರ್ಷ ಪರದೆಯ ಹಿಂದೆ ಕೂತು ಒಬ್ಬಳೇ ನಕ್ಕದ್ದನ್ನು ಇವತ್ತು ಊರೆಲ್ಲ ನಗಲಿ ಎಂಬ ಆಸೆ ಗಂಟಲವರೆಗೆ ತುಂಬಿತ್ತು. ವೇದಿಕೆಯ ಮೇಲೆ ಮೂವರು ಮಾತಾಡಿದರು. ಹೆಪ್ಪು ನಮ್ಮ ಸಂಸ್ಕೃತಿ ಎಂದರು, ಹೆಪ್ಪು ಸೌಹಾರ್ದ ಎಂದರು. ಒಬ್ಬರೂ ಪುಸ್ತಕ ತೆರೆಯಲಿಲ್ಲ. ನೀಲಗಂಗಮ್ಮನವರ ಹೆಸರು ಕರೆದರು. ಶಿವಕಾಂತಾ ನಿಧಾನವಾಗಿ ಮೆಟ್ಟಿಲು ಹತ್ತಿದಳು, ಶಾಲು ಹೊದ್ದುಕೊಂಡಳು, ಚಪ್ಪಾಳೆ ನಿಲ್ಲುವವರೆಗೆ ಕಾದಳು. ಆಮೇಲೆ ನಿರೂಪಕನ ಕೈಯಿಂದ ಮೈಕು ತಾನೇ ತೆಗೆದುಕೊಂಡಳು.

"ನಾ ನೀಲಗಂಗಮ್ಮ ಅಲ್ರಿ. ನಮ್ಮವ್ವ ನೀಲಗಂಗಮ್ಮ. ಆಕಿ ಸತ್ತು ಇಪ್ಪತ್ತ ವರ್ಷ ಆತು. ಈ ಪುಸ್ತಕದಾಗ ಹಾಂಗೇ ಬರದದ. ನನಗ ಓದಾಕ ಬರಲ್ಲ, ಬ್ಯಾರೇದೋರು ಓದಿ ಹೇಳ್ಯಾರ. ನಿಮಗೆಲ್ಲಾರಿಗೂ ಓದಾಕ ಬರ್ತದಲ್ರಿ?"

ಮುನ್ನುಡಿ ಬರೆದ ಹಿರಿಯರು ಮೊದಲ ಬಾರಿಗೆ ಪುಸ್ತಕದ ಹಾಳೆ ತಿರುವಿದರು. ಅನೀಲಕುಮಾರ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ, ತನ್ನ ಪುಸ್ತಕದ ಆ ಪುಟವನ್ನು ಅವನೂ ಆವತ್ತೇ ಕಂಡದ್ದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಭವನ ನಕ್ಕಿತು. ಸುನಿತಾಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ಶಾಲ ನಮ್ಮವ್ವಂದು, ನಾ ಒಯ್ತೇನಿ" ಎಂದಳು ಶಿವಕಾಂತಾ. "ಇನ್ನೊಂದ ಮಾತದ. ಕುದಿಯೂ ಹಾಲಿಗಿ ಹೆಪ್ಪ ಹಾಕಂತ ನಮ್ಮವ್ವ ಹೇಳಿದ್ಳಂತ ಆರು ಪುಸ್ತಕದಾಗ ಬರದಾರ. ಇವರೆಲ್ಲ ಆಕೀನ ಕಾಣದೋರು, ಒಬ್ಬರದ ಒಬ್ಬರು ನೋಡಿ ಬರದಾರ, ಬಿಡ್ರಿ. ಮೊದಲ ಆ ಮಾತು ಕೆಡಿಸಿದಾಕಿ ಅಜ್ಜಿ ತೊಡಿಮ್ಯಾಲ ಕುಂತು ಅದ ಮಸರ ಉಂಡ ಬೆಳದಾಕಿ. ಎಲ್ಲಾರ ಮ್ಯಾಲೂ ನಗತಾಳ, ತನ್ನ ತಪ್ಪ ಮಾತ್ರ ಮಂದಿಗಿ ಹೇಳಿಲ್ಲ. ನನ್ನ ಮಗಳೇ ಆಕಿ. ಇಲ್ಲೇ ಕುಂತಾಳ."

ಪಟ್ಟಿ ಬಿಚ್ಚಿದ ಕಣ್ಣು ಸಾಲು ಸಾಲಾಗಿ ಹುಡುಕಿ ಮೂರನೆಯದರಲ್ಲಿ ನಿಂತಿತು.

"ಏಳ ಬೇ ಸುನಿತಾ."

ಭವನದ ತಲೆಗಳೆಲ್ಲ ಹೊರಳಿದವು. ನಗು ಇನ್ನೂ ಪೂರ್ತಿ ಆರಿರಲಿಲ್ಲ. ಸುನಿತಾ ಎದ್ದು ನಿಂತಳು.